ತವರುಮನೆಯ ಹೆಸರು

ಮೊನ್ನೆ ಮೇಜಿನ ಖಾನೆ ಖಾಲಿ ಮಾಡುವಾಗ ಒಂದು ಮೋಟು ಪೆನ್ಸಿಲ್ ಸಿಕ್ಕಿತು. ಒಂದು ತುದಿ ಕೆಂಪು, ಇನ್ನೊಂದು ನೀಲಿ. ಸುಮ್ಮನೆ ಕೆತ್ತಿದೆ. ಆ ಕಟ್ಟಿಗೆಯ ವಾಸನೆಗೆ ರೋಣದ ದವಾಖಾನೆಯ ನರ್ಸಬಾಯಿಯವರು ಎದುರು ಬಂದು ನಿಂತಂತಾಯಿತು... ಹೆರಿಗೆ ವಾರ್ಡಿನ ಹಿರಿಯ ನರ್ಸ್ ಅವರು. ಊರೆಲ್ಲ ಕರೆಯುತ್ತಿದ್ದುದು ಬಾಯಿಯವರು ಎಂದೇ.

ರೋಣ, ನರಗುಂದ, ಗಜೇಂದ್ರಗಡದ ದವಾಖಾನೆಗಳಿಂದ ರಿಜಿಸ್ಟರ್ ತರಿಸಿಕೊಂಡು, ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಎಚ್‌ಐವಿ ಹೊಸದಾಗಿ ತಗುಲುತ್ತಿದೆ ಎಂದು ಅಂದಾಜು ಮಾಡುವುದು ಆಗ ನನ್ನ ಕೆಲಸ. ಇವತ್ತು ಗೊತ್ತಾಯಿತೆಂದರೆ ಸೋಂಕು ಇವತ್ತಿನದೇ ಆಗಬೇಕೆಂದಿಲ್ಲ. ಹಿಂದೊಮ್ಮೆ ರಕ್ತ ತಪಾಸಣೆಯಲ್ಲಿ ‘ಇಲ್ಲ’ ಎಂದು ಬಂದಿದ್ದರೆ ಮಾತ್ರ ಹೊಸದು, ಅದಕ್ಕೆ ಕೆಂಪು ಗೀಟು. ಹಿಂದಿನದು ಗೊತ್ತಿಲ್ಲವೆಂದರೆ ನೀಲಿ. ನನ್ನ ಯಾದಿಯ ತುಂಬ ನೀಲಿಯೇ ಇತ್ತು. ಹೊಸ ಸೋಂಕು ಕಡಿಮೆಯೆಂದು ನಾನು ಒಳಗೊಳಗೇ ಬೀಗಿದ್ದೆ.

ನನ್ನ ಮೇಜು ಇದ್ದದ್ದು ರೋಣದ ದವಾಖಾನೆಯಲ್ಲೇ. ಒಂದು ದಿನ ಬಾಯಿಯವರು ಚಹಾ ಕುಡಿಯುತ್ತ ಯಾದಿಯ ಮೇಲೆ ಬಗ್ಗಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಜ್ವರವೆಂದು ನರಗುಂದದ ದವಾಖಾನೆಗೆ ಬಂದಿದ್ದ ಹುಡುಗಿ; ರಕ್ತದ ವರದಿ ಬರುವಷ್ಟರಲ್ಲಿ ತವರೂರು ಜಕ್ಕಲಿಗೆ ಹೋಗಿಬಿಟ್ಟಿದ್ದಳು. ಹುಡುಕಲು ಹೋದವರಿಗೆ ಅಲ್ಲಿನವರು ಆ ಹೆಸರಿನವಳೇ ಇಲ್ಲ ಎಂದಿದ್ದರು. ನಾನು ‘ಸಿಗಲಿಲ್ಲ’ ಎಂದು ಬರೆದು ನೀಲಿ ಗೀಟು ಎಳೆದಿದ್ದೆ.

“ಜಕ್ಕಲ್ಯಾಗ ಯಾವ ಹೆಸರಿಲೆ ಕೇಳಿದ್ರಿ ಸರ?”

“ರಿಜಿಸ್ಟರಿನಾಗ ಇದ್ದ ಹೆಸರಿಲೇರಿ.”

“ಅದು ಲಗ್ನದಾಗ ಗಂಡನ ಮನಿಯವರು ಇಟ್ಟ ಹೆಸರ್ರಿ. ತವರಮನ್ಯಾಗ ಆ ಹೆಸರಿಲೆ ಯಾರು ಕರೀತಾರ?”

ತಮ್ಮ ಹೆರಿಗೆ ರಿಜಿಸ್ಟರ್ ತಂದು ಹಿಂದಕ್ಕೆ ಮಗುಚಿದರು. ಏಳು ತಿಂಗಳ ಹಿಂದಿನ ಒಂದು ಚೊಚ್ಚಲ ಹೆರಿಗೆ. ತವರು ಜಕ್ಕಲಿ, ಬಾಣಂತಿಯ ಹೆಸರು ಬೇರೆ, ನರಗುಂದದ ಗಂಡನ ಹೆಸರು ಮಾತ್ರ ಅದೇ. ಆಗಿನ ರಕ್ತ ತಪಾಸಣೆಯಲ್ಲಿ ‘ಇಲ್ಲ’.

“ಒಬ್ಬ ಗಂಡಗ ಇಬ್ಬರು ಹೇಂತೇರು ಅಂತ ತಿಳಕೊಂಡಿದ್ರೇನ್ರಿ?” ಎಂದು ನಕ್ಕರು. ನಗು ಅಲ್ಲಿಗೇ ನಿಂತಿತು. “ಸರ, ಕೂಸು ಇನ್ನೂ ಮೊಲಿ ಕುಡೀತಿರಬೇಕು. ಹಾಲಿನಿಂದ ಅದಕ್ಕೂ ಹತ್ತೀತು.”

ನಾನು ಆ ನೀಲಿ ಗೀಟು ಎಳೆದು ಮೂರು ವಾರವಾಗಿತ್ತು.

ಅವರು ಲಸಿಕೆಯ ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಬಸ್ಸಿಗೇ ಹೊರಟರು. ನಾನೂ ಹಿಂದೆ ಹೋದೆ. ಜಕ್ಕಲಿಯಲ್ಲಿ ತವರುಮನೆಯ ಹೆಸರು ಹೇಳಿದ್ದೇ ತಡ, ಒಬ್ಬ ಅಜ್ಜಿ ಮನೆ ತೋರಿಸಿದಳು. ಬಾಯಿಯವರು ಅಕ್ಕಪಕ್ಕದವರಿಗೂ ಕೇಳುವಂತೆ, “ಕೂಸಿನ ಸೂಜಿ ಬಾಕಿ ಐತಿ, ರೋಣಕ್ಕ ನಡಿಯವ್ವಾ ಲಗೂನ” ಎಂದರು. ರೋಗದ ಹೆಸರು ಎತ್ತಲಿಲ್ಲ. ಅದನ್ನು ಹೇಳಿದ್ದು ದವಾಖಾನೆಯಲ್ಲಿ, ಬಾಗಿಲು ಹಾಕಿಕೊಂಡು. ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಒಳಗಿನ ಅಳು ಕೇಳುತ್ತಿತ್ತು...

ಅಂದೇ ತಾಯಿಗೂ ಕೂಸಿಗೂ ಔಷಧ ಶುರುವಾಯಿತು. ಕೂಸಿನ ರಕ್ತದ ವರದಿಗೆ ವಾರಗಟ್ಟಲೆ ಕಾದೆವು. ಅಷ್ಟು ದಿನವೂ ಬಾಯಿಯವರು ನನ್ನನ್ನು ಒಮ್ಮೆಯೂ ಚೇಷ್ಟೆ ಮಾಡಲಿಲ್ಲ. ಕೊನೆಗೆ ‘ಇಲ್ಲ’ ಎಂದು ಬಂತು. ಮೊಲೆ ಬಿಡಿಸಿದ ಮೇಲಿನ ತಪಾಸಣೆಯಲ್ಲೂ ‘ಇಲ್ಲ’. ಅವರು ಈ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು, “ಆಕೀಗೆ ಕೆಂಪು ಗೀಟು ಎಳೀರಿ ಸರ. ಅಂಕಿ ಹೆಚ್ಚಾದ್ರ ಆಗ್ಲಿ, ಖರೇ ಇರಬೇಕು” ಎಂದರು. ಅಂದಿನಿಂದ ನನ್ನ ಯಾದಿಯಲ್ಲಿ ‘ತವರುಮನೆಯ ಹೆಸರು’ ಎಂದು ಒಂದು ಕಾಲಂ ಹೆಚ್ಚಾಯಿತು. ಕಂಪ್ಯೂಟರ್ ಬಂದರೂ ಅದು ಹಾಗೇ ಇದೆ.

ಪೆನ್ಸಿಲ್ ಸಿಕ್ಕ ಖುಷಿಯಲ್ಲಿ ಬಾಯಿಯವರೊಡನೆ ಮಾತಾಡಬೇಕೆನಿಸಿ, ರೋಣದ ಹಳೆಯ ಕಂಪೌಂಡರಿಗೆ ಫೋನ್ ಮಾಡಿ ನಂಬರ್ ಕೇಳಿದೆ.

“ಬಾಯಾರು ತಮ್ಮೂರು ಗಜೇಂದ್ರಗಡದಾಗ ತೀರಿಕೊಂಡು ಎರಡು ತಿಂಗಳಾತಲ್ರಿ. ಪೇಪರಿನಾಗ ಬಂದಿತ್ತು, ನೋಡಲಿಲ್ಲೇನ್ರಿ?” ಎಂದು ಬಾಯಿಯವರ ಹೆಸರು ಹೇಳಿದರು.

ನೋಡಿದ್ದೆ. ಗಜೇಂದ್ರಗಡ ಎಂದು ಊರಿತ್ತು, ಆ ಹೆಸರಿತ್ತು, ಫೋಟೋ ಇರಲಿಲ್ಲ. ಯಾರೋ ಇರಬೇಕೆಂದು ಪುಟ ಮಗುಚಿದ್ದೆ. ಮೂರು ಊರಿನ ಹೆಣ್ಣುಮಕ್ಕಳಿಗೆ ಎರಡೆರಡು ಹೆಸರು ಕೇಳಿ ಬರೆದುಕೊಂಡವನು ನಾನು. ಬಾಯಿಯವರಿಗೆ ಒಂದನ್ನೂ ಕೇಳಿರಲಿಲ್ಲ.