ಕೊನೆಯ ಸ್ಟಾಪಿನ ಆಚೆ

ಅಮಾಸೆಬೈಲಿನ ಬಸ್ಸಿಗೆ ಸ್ಟಾಪಿನ ಹೆಸರು ಹೇಳುವ ಧ್ವನಿ ಹಾಕುವ ಕೆಲಸ ಕುಂದಾಪುರದ ನಮ್ಮ ಪುಟ್ಟ ಆಫೀಸಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನು. ಅಮಾಸೆಬೈಲಿನ ನನ್ನ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು. ಯಾರದಾದರೂ ಕೈ ಹಿಡಿಯದೆ ಎಲ್ಲಿಗೂ ಹೊರಡುತ್ತಿರಲಿಲ್ಲ.

"ಸ್ಟಾಪ್ ಬಸ್ಸೇ ಹೇಳತ್ತಾ? ಹಂಗಾರೆ ನಾ ಒಬ್ಳೇ ಬತ್ತೆ," ಎಂದಳು ಫೋನಿನಲ್ಲಿ. ಅಷ್ಟು ಖುಷಿಯ ದನಿ ಕೇಳಿ ಎಷ್ಟು ಕಾಲವಾಗಿತ್ತೋ!

ಬಸ್ಸು ಹೊರಟಾಗಲೆಲ್ಲ ಕಂಡಕ್ಟರ್ ಗುಂಡಿ ಒತ್ತಬೇಕು, ಸ್ಟಾಪುಗಳ ಸಾಲಿನ ಮುಂದಿನ ಹೆಸರು ಬರಬೇಕು. ಹೀಗೆ ಒಂದೊಂದನ್ನೇ ಎತ್ತಿಕೊಡುವ ಕೋಡಿಗೆ ನಾವು ಇಟರೇಟರ್ ಎನ್ನುತ್ತೇವೆ. ಸಾಲು ಮುಗಿದ ಮೇಲೂ ಒತ್ತಿದರೆ? ಮುಗಿಯಿತು ಎನ್ನಬೇಕು, ಎಷ್ಟು ಸಲ ಒತ್ತಿದರೂ ಅದನ್ನೇ ಎನ್ನಬೇಕು ಎಂದು ನಾನು ಹಟ ಹಿಡಿದೆ.

"ಎಂತಕ್ ಮಾರಾಯ್ತಿ? ಕೊನಿಗ್ ಬಂದ್ಮೇಲೆ ವಾಪಸ್ ಬಪ್ಪ ಸಾಲ್ ತನ್ನಷ್ಟಕ್ಕೇ ಶುರು ಆಯ್ಲಿ. ಒಂದ್ ಗುಂಡಿ ಕಮ್ಮಿ ಆತ್ತಲೆ," ಎಂದ ಆಫೀಸಿನ ಜೊತೆಗಾರ. ಬಸ್ಸಿನ ಮಾಲೀಕರಿಗೆ ಅದೇ ಹಿಡಿಸಿತು. ನನ್ನ ಮಾತು ಯಾರಿಗೂ ಬೇಕಿರಲಿಲ್ಲ.

ಚಿಕ್ಕಮ್ಮ ಒಬ್ಬಳೇ ಬಂದಳು. ನನ್ನ ಮನೆಯಲ್ಲಿ ಮೀನು ಸಾರು ಉಂಡು, ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಹತ್ತಿದಳು. ನಾನು ಆಫೀಸಿನಲ್ಲಿ ಕೂರಲಾರದೆ, ನಿಲ್ಲಲಾರದೆ ಗಡಿಯಾರ ನೋಡುತ್ತಲೇ ಇದ್ದೆ. ಕೊನೆಗೆ ಫೋನು ಬಂತು, ಕಂಡಕ್ಟರನದು.

ನಮ್ಮ ಸಾಲಿನ ಪ್ರಕಾರ ಅಮಾಸೆಬೈಲು ಪೇಟೆಯೇ ಕೊನೆ. ಆದರೆ ಬಸ್ಸು ಇನ್ನೂ ಸ್ವಲ್ಪ ಮುಂದೆ ಹೋಗಿ, ಒಂದು ಮೈದಾನದಲ್ಲಿ ತಿರುಗುತ್ತದೆ. ಆ ಕಡೆಯ ಮನೆಯವರು ಪೇಟೆಯಲ್ಲಿ ಇಳಿಯದೆ ಆರಾಮವಾಗಿ ಕೂತಿರುತ್ತಾರೆ, ಯಾರೂ ಏಳಿಸುವುದಿಲ್ಲ. ಚಿಕ್ಕಮ್ಮನ ಮನೆಯೂ ಆ ಕಡೆಯೇ, ಅವಳೂ ಹಾಗೇ ಕೂತಿದ್ದಳು. ಬಸ್ಸು ಹೊರಟಿತು, ಕಂಡಕ್ಟರ್ ಅಭ್ಯಾಸಬಲದಿಂದ ಗುಂಡಿ ಒತ್ತಿದ. "ಮುಂದಿನ ನಿಲ್ದಾಣ ಹಾಲಾಡಿ" ಎಂದಿತು ಧ್ವನಿ, ಕುಂದಾಪುರಕ್ಕೆ ವಾಪಸ್ ಹೋಗುವ ಸಾಲಿನ ಮೊದಲ ಹೆಸರು. ಬಸ್ಸು ಆಗಲೇ ತಿರುಗಿ ವಾಪಸ್ಸು ಹೊರಟಿದೆ ಎಂದುಕೊಂಡಳು ಪಾಪ.

"ಹ್ವಾಯ್, ನಿಲ್ಸಿ! ನಾ ಇಳಿಯುಕಿತ್ತ್!" ಎಂದು ಎದ್ದು ತಡಕಾಡುತ್ತ ಬಾಗಿಲಿಗೆ ಬಂದವಳು ಮೆಟ್ಟಿಲ ಮೇಲೆ ಬಿದ್ದು ಕೈ ಮುರಿದುಕೊಂಡಳು.

ಮರುದಿನ ಜೊತೆಗಾರ ಬಾಯಿ ತೆರೆಯುವ ಮೊದಲೇ ಕೋಡು ಬದಲಿಸಿದೆ. ಸಂಜೆ ಅಮಾಸೆಬೈಲಿಗೆ ಹೋಗಿ, "ಸರಿ ಮಾಡಿದೆ ಚಿಕ್ಕಮ್ಮ. ಇನ್ನ್ ಎಷ್ಟ್ ಒತ್ರೂ ಮುಗೀತ್ ಅಂತ್ಲೇ ಹೇಳತ್ತ್," ಎಂದೆ.

ಅವಳು ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಕೈ ಸಮ ಆತ್ತ್ ಬಿಡ್ ಮಗಾ. ಆರೆ ಇನ್ನ್ ಅದ್ ಎಂತ ಹೇಳ್ರೂ ನಂಗೆ ನಂಬುಕೆ ಆತಿಲ್ಲೆ."