ಒಬ್ಬರಿಗೋ ಇಬ್ಬರಿಗೋ ಅಂತ ಕೇಳಿದ ಗಾದಿ ಕಾಕಾ

ಅವನ ಹುಬ್ಬಿನ ಮ್ಯಾಲ, ಕಣ್ಣರೆಪ್ಪಿ ಮ್ಯಾಲ, ಕಿವಿಯಾಗಿನ ಕೂದಲಾಗ ಸುದ್ದಾ ಹತ್ತಿ ಕುಂತಿರ್ತಿತ್ತು. ಕೆಲಸ ಮುಗಿಸಿ ಮುಖಾ ತೊಳಕೊಂಡ್ನಂದ್ರ ಇಪ್ಪತ್ತು ವರ್ಷ ಸಣ್ಣಾಂವ ಆಗಿಬಿಡ್ತಿದ್ದ. ಬೆನ್ನಹಿಂದನ ಕೆಮ್ಮು ಬರ್ತಿತ್ತು, ಮತ್ತ ಇಪ್ಪತ್ತು ವರ್ಷ ದೊಡ್ಡಾಂವ. ಹಿಂಗಾಗಿ ಅವನ ಖರೇ ವಯಸ್ಸು ಎಷ್ಟಂತ ಸವಣೂರಾಗ ಯಾರಿಗೂ ಗೊತ್ತಿರ್ಲಿಲ್ಲ. ಸಣ್ಣವರು ದೊಡ್ಡವರು ಎಲ್ಲಾರೂ ಅವಗ ಗಾದಿ ಕಾಕಾ ಅಂತಿದ್ವಿ.

ಪ್ಯಾಟಿ ಹಿಂದಿನ ಓಣ್ಯಾಗ ಅವಂದೊಂದು ತಗಡಿನ ಶೆಡ್ಡು. ಒಳಗ ಹತ್ತಿ ಹಿಂಜೂ ಆಳುದ್ದದ ಬಿಲ್ಲು. ಅದರ ನರದ ತಂತಿಗೆ ಹತ್ತಿ ತಾಗಿಸಿ ಕಟಗಿ ಗೂಟದಿಂದ ಹೊಡದಾ ಅಂದ್ರ ಟೊಂಯ್, ಟೊಂಯ್ ಅಂತ ಓಣಿ ತುಂಬ ಸಪ್ಪಳ. ಮದುವಿ ದಿನದಾಗ ಬಿಲ್ಲು ಹೆಗಲ ಮ್ಯಾಲ ಹೊತಗೊಂಡು ಹಾನಗಲ್ಲು, ಶಿಗ್ಗಾಂವಿ, ತಡಸ ಅಂತ ತಿರುಗ್ತಿದ್ದ. ಒಮ್ಮೆ ಹಾನಗಲ್ಲಿನ ಬಸ್ಸಿನಾಗ ಕಂಡಕ್ಟರ ಬಿಲ್ಲು ಒಳಗ ಬ್ಯಾಡ ಅಂತ ಮ್ಯಾಲ ಕಟ್ಟಿಸಿದ್ನಂತ. ಕಾಕಾ ದಾರಿ ಉದ್ದಕ್ಕೂ ಕಿಡಕ್ಯಾಗಿಂದ ತಲಿ ಹೊರಗ ಹಾಕಿ ಮ್ಯಾಲ ನೋಡ್ಕೋತ ಬಂದು, ಎರಡು ದಿನ ಕುತ್ತಿಗಿ ತಿರುಗಿಸಾಕ ಬರಲಿಲ್ಲ.

ಹಳೇ ಗಾದಿ ಹಿಂಜಾಕ ಕೊಟ್ರ ಅಂವ ಮೊದಲು ಬಿಚ್ಚತಿರಲಿಲ್ಲ. ನೆಲದ ಮ್ಯಾಲ ಹಾಸಿ, ಕಣ್ಣು ಮುಚ್ಚಿ, ಅಂಗೈಲೆ ತುಂಬ ಸವರ್ತಿದ್ದ. ಈ ಮನ್ಯಾಗ ಯಾರಿಗೆ ಸೊಂಟ ನೋವು, ಯಾರು ಮಗ್ಗಲಾ ಬದಲಸದ ಮಕ್ಕೋತಾರ, ಯಾವ ಕೂಸು ಇನ್ನೂ ಉಚ್ಚಿ ಹೊಯ್ಯತೈತಿ, ಎಲ್ಲಾ ಅವನ ಅಂಗೈಗೆ ತಿಳೀತಿತ್ತು. ಅಂಗೈ ಬಿಟ್ಟು ಬಾಯಿಗೆ ಮಾತ್ರ ಬರ್ತಿರಲಿಲ್ಲ. ನನ್ನ ಕಥಿ ತದ್ವಿರುದ್ಧ. ನನ್ನ ತಲ್ಯಾಗ ಬರೂಕ್ಕಿಂತ ಮೊದಲ ಮಾತು ಬಾಯಾಗಿರ್ತೈತಿ.

ನಾ ಸರ್ಕಾರಿ ಕಚೇರ್ಯಾಗ ಕಾರಕೂನ. ಕಾಗದ ಕಳೀಲಿ, ಲೆಕ್ಕ ತಪ್ಪಲಿ, ಸಾಹೇಬ್ರು ಬೈಲಿ, ಒಂದು ಚ್ಯಾಷ್ಟಿ ಮಾತು ಒಗದು ಪಾರಾಗಾಂವ. ಅಂಗಿ ಹರದ್ರೂ ಹೊಲಿಸಂಗಿಲ್ಲ, ಹರದ ಜಾಗಾದ ಮ್ಯಾಲ ಒಂದು ಚ್ಯಾಷ್ಟಿ ಹಚ್ಚಿಕೊಂಡು ತಿರಗತೇನಿ. ಜನಾ ನಗ್ತಾರ. ಜನಾ ನಕ್ರ ನನಗ ಹೊಟ್ಟಿ ತುಂಬತೈತಿ. ಇಂಥಾವಗ ಮದುವಿ ಮಾಡಿದ್ರು ನೋಡ್ರಿ.

ಹುಡುಗಿ ಹಿರೇಕೆರೂರಿನಾಕಿ. ಬೀಗರು ಕೊಟ್ಟ ಗಾದಿ, ದಿಂಬು, ಚಾದರ ಎಲ್ಲಾ ಬಸ್ಸಿನ ಮ್ಯಾಲ ಏರಿ ಬಂದು, ನಮ್ಮನಿ ಹೊಸ್ತಲಾ ದಾಟಿದ ದಿನಾನ ಅಪ್ಪನ ಪಾಲಾದ್ವು. "ನನಗ ಸೊಂಟ ಹಿಡದೈತಿ" ಅಂದ ಅಪ್ಪ. ಆ ಸೊಂಟ ಬೀಗರ ಗಾದಿ ನೋಡೂತನಕ ಗಟ್ಟಿಮುಟ್ಟ ಇತ್ತು. ನಮಗ ಹಿಂದಿನ ಖೋಲಿ, ಅದರಾಗೊಂದು ಹಳೇ ಕೌದಿ. ಆಮ್ಯಾಲ ಅವ್ವ ಒಂದಿನಾ ಗ್ವಾಡಿ ಕಡೆ ಮುಖಾ ಮಾಡಿ, "ಹೋಗಿ ಒಂದು ಗಾದಿ ಮಾಡಸಿಕೊಂಡು ಬಾ" ಅಂದ್ಲು. ಎಂಥಾದ್ದು ಅಂತ ಆಕಿ ಹೇಳಲಿಲ್ಲ, ನಾ ಕೇಳಲಿಲ್ಲ. ಗಂಡಾ ಹೇಣ್ತಿ ಒಂದ ಖೋಲ್ಯಾಗ ಮಕ್ಕೋತಾರನ್ನೂದು ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತು, ಆದ್ರ ಬಾಯಿ ಬಿಟ್ಟು ಅನ್ನಂಗಿಲ್ಲ. ಅದರ ಮ್ಯಾಲ ಮಕ್ಕೊಳ್ಳೂ ಹುಡುಗಿನ್ನ ಕೇಳಬೇಕು ಅನ್ನೂದಂತೂ ಯಾರಿಗೂ ಹೊಳೀಲಿಲ್ಲ.

ಶೆಡ್ಡಿಗೆ ಹೋದೆ. ನನ್ನ ದೈವ ನೋಡ್ರಿ, ನಮ್ಮ ಕಚೇರಿ ಹೆಡ್ ಕಾರಕೂನರು ಅಲ್ಲೇ ದಿಂಬು ತುಂಬಿಸಿಕೋತ ಕುಂತಿದ್ರು.

"ಬಾ ತಮ್ಮಾ. ಗಾದಿ ಒಬ್ಬರಿಗೋ ಇಬ್ಬರಿಗೋ?" ಅಂತ ಕಾಕಾ ಓಣಿಗೆಲ್ಲಾ ಕೇಳೂವಂಗ ಕೇಳಿದ.

ಹೆಡ್ ಕಾರಕೂನರು ದಿಂಬು ಬಿಟ್ಟು ನನ್ನ ನೋಡಿದ್ರು. ನನ್ನ ಕಿವಿ ಕೆಂಡ ಆದ್ವು. "ಅಯ್ಯ ಕಾಕಾ, ಬೀಗರು ಬಂದಾಗ ಹಾಸಾಕ್ರಿ. ಒಬ್ಬರಿಗೆ ಸಾಕು" ಅಂದೆ. ಕಾಕಾ ನನ್ನ ಒಂದು ಗಳಿಗಿ ನೋಡಿ, "ನಿನ್ನ ಮದುವಿ ಆಗಿ ತಿಂಗಳಾಗಿಲ್ಲಲ್ಲೋ" ಅಂದ. "ಆದ್ರೇನಾತ್ರಿ, ಬೀಗರು ಬರಬಾರ್ದೇನು?" ಅಂದೆ. ಹೆಡ್ ಕಾರಕೂನರು ನಕ್ರು. ಗೆದ್ದೆ ಅಂತ ತಿಳಕೊಂಡು ಮನಿಗೆ ಬಂದೆ.

ಗಾದಿ ಬಂತು. ಹೆಣಾ ಹೊರೂ ಚಟ್ಟಕ್ಕ ಅಳತಿ ತಗೊಂಡಂಗ ಇತ್ತು, ಅಷ್ಟ ಅಗಲ. ಮಧ್ಯಾಹ್ನ ಅವ್ವ ಅದನ್ನ ಖೋಲ್ಯಾಗ ಹಾಸಿ ಹೋದ್ಲು. ನನ್ನ ಹೇಣ್ತಿ ಬಾಗಲದಾಗ ನಿಂತು ಅದನ್ನ ನೋಡಿದ್ಲು, ಆಮ್ಯಾಲ ನನ್ನ ನೋಡಿದ್ಲು.

"ಇದು ನಿಮಗಾತು. ನನಗೇನ್ರಿ?"

ಅಂಗಡ್ಯಾಗ ನನಗ ನಾಚಿಕಿ ಆತು, ತಪ್ಪಿದೆ, ನಡಿ ನಾಳೆ ಬ್ಯಾರೆ ಮಾಡಸೂಣು ಅಂದಿದ್ರ ಮುಗೀತಿತ್ತು. ನಾಕ ಮಾತು. ನಾ ಏನಂದೆ ಗೊತ್ತೇನ್ರಿ? "ನಿನಗ ಭೂಮಿತಾಯಿ ಅದಾಳಲ್ಲ!" ಅಂದು ನಾನ ಹಲ್ಲ ಕಿಸದೆ. ಆಕಿನೂ ನಗತಾಳ ಅಂತ ಕಾದೆ. ಆಕಿ ಮೂಲ್ಯಾಗಿನ ಕೌದಿ ತಗೊಂಡು, ಜಾಡಿಸಿ, ಗ್ವಾಡಿ ಬುಡಕ ಹಾಸಿದ್ಲು. ಅವತ್ತಿಂದ ಅದು ಆಕಿ ಜಾಗಾ. ಆಕಿ ತಾನ ಬರ್ಲಿ ಅಂತ ನಾ, ಕರೀಲಿ ಅಂತ ಆಕಿ. ಮನ್ಯಾಗ ಎಲ್ಲಾರ ಮುಂದ ಚಲೋ ಮಾತಾಡ್ತಿದ್ವಿ. ಎಂಟು ತಿಂಗಳು ಹಿಂಗ.

ಪಂಚಮಿಗೆ ತವರಮನಿಗೆ ಹೋದ್ಲು. ಎಲ್ಲಾ ಹೆಣ್ಣಮಕ್ಕಳು ಹೋಗ್ತಾರ, ಜೋಕಾಲಿ ಆಡಿ, ಉಂಡಿ ತಿಂದು ಬರ್ತಾರ. ಈಕಿ ಬರಲಿಲ್ಲ. ದಸರಾ ಬಂತು, ದೀಪಾವಳಿ ಬಂತು, ಈಕಿ ಬರಲಿಲ್ಲ. ಕಚೇರ್ಯಾಗ ಕೇಳಿದ್ರ "ಜೋಕಾಲಿ ಇನ್ನೂ ನಿಂತಿಲ್ರಿ" ಅಂತಿದ್ದೆ. ನಗ್ತಿದ್ರು. ನನ್ನ ಮುಂದ ನಗ್ತಿದ್ರು, ಆಮ್ಯಾಲ ಬೆನ್ನ ಹಿಂದನೂ ನಗಾಕ ಹತ್ತಿದ್ರು.

ಇದರ ನಡುಕ ಅವ್ವ ಗಾದಿ ಗಟ್ಟಿ ಆಗೇತಿ ಹಿಂಜಿಸಿಕೊಂಡು ಬಾ ಅಂತ ಹೊರಿಸಿ ಕಳಿಸಿದ್ಲು. ಕಾಕಾ ಹಾಸಿದ, ಕಣ್ಣು ಮುಚ್ಚಿದ, ಸವರಿದ. ಒಮ್ಮೆ ಸವರಿದಾಂವ ಮತ್ತೊಮ್ಮೆ ಸವರಿದ.

"ಬೀಗರ ಗಾದಿ ಅಂದಿದ್ದಿ. ದಿನಾ ಮಕ್ಕೊಂಡಿದ್ದೈತಿ ಇದು. ನಟ್ಟನಡುಕ ಒಂದ ಕುಣಿ. ಒಬ್ಬ ಗಂಡಸಿನ ತೂಕ. ತವರಿಗೆ ಹೋಗೂಕಿಂತ ಮೊದಲು ನಿನ್ನ ಹೇಣ್ತಿ ಎಲ್ಲಿ ಮಕ್ಕೋತಿದ್ಲೋ?"

"ಆಕಿ ಭಾಳ ಹಗರ ಅದಾಳ್ರಿ ಕಾಕಾ, ಕುಣಿ ಬೀಳಂಗಿಲ್ಲ" ಅಂದೆ.

ಅಂವ ನಗಲಿಲ್ಲ. ಗೋಣಿಚೀಲಕ್ಕ ಬೆನ್ನು ಹಚ್ಚಿ ಕುಂತ. ಅವತ್ತ ಒಂದಿನಾನ ಅಂವ ತನ್ನ ಮನಿ ಮಾತು ನನ್ನ ಮುಂದ ಆಡಿದ್ದು.

"ನಾ ಮತ್ತ ನನ್ನಾಕಿ ಹದಿನೈದು ವರ್ಷ ಒಂದ ಹಾಸಿಗ್ಯಾಗ ಮಕ್ಕೊಂಡವರು. ನನಗ ಈ ಹತ್ತಿ ಧೂಳಿನ ಕೆಮ್ಮು ಹತ್ತಿತು. ಆಕಿಗೆ ನಿದ್ದಿ ಬರವಲ್ದು. ನೀ ನಾಕ ದಿನಾ ಒಳಗಿನ ಖೋಲ್ಯಾಗ ಮಕ್ಕೊ ಅಂತ ನಾನ ಅಂದೆ, ಆಕಿ ಒಳ್ಳೇದಕ್ಕ. ನಾಕ ದಿನಾ ಹೋಗಿ ನಾಕ ತಿಂಗಳಾತು. ಆಮ್ಯಾಲ ಕರಿಯಾಕ ನನಗ ನಾಚಿಕಿ, ಬರಾಕ ಆಕಿಗೆ ನಾಚಿಕಿ. ಒಂಬತ್ತು ವರ್ಷ ತಮ್ಮಾ. ಒಂದಿನಾ ಮುಂಜಾನೆ ಚಹಾ ಆತೇನಂತ ಕೂಗಿದೆ, ಆಕಿ ಏಳಲಿಲ್ಲ. ಯಾವ ಹೊತ್ತಿನ್ಯಾಗ ಹೋದ್ಲೋ, ಕರದಿದ್ಲೋ ಇಲ್ಲೋ, ನನಗ ಗೊತ್ತಿಲ್ಲ. ಊರ ಮಂದಿಗೆಲ್ಲಾ ಹಾಸಿಗಿ ಮಾಡಾಂವ ನಾ."

ಇಂಥಾ ಮಾತು ಕೇಳಿದ ಮ್ಯಾಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ನನಗ ಕೆಮ್ಮಿಲ್ಲಲ್ರಿ ಕಾಕಾ" ಅಂದೆ.

"ನಿನಗ ಬಾಯಿ ಐತಿ. ಅದು ಕೆಮ್ಮಿಗಿಂತ ಕೆಟ್ಟದ್ದು" ಅಂದ.

ಎಂಟು ದಿನಕ್ಕ ಕಾಕಾ ಶೆಡ್ಡು ಮುಚ್ಚಿ ಹಿರೇಕೆರೂರಿಗೆ ಹೋದ. ಅಲ್ಲಿ ಕೆಲಸಾ ಏನೂ ಇರ್ಲಿಲ್ಲ ಅಂತ ನನಗ ಆಮ್ಯಾಲ ತಿಳೀತು. ನನ್ನ ಮಾವನ ಮನಿ ಕಟ್ಟಿ ಮ್ಯಾಲ ಬಿಲ್ಲು ಆನಿಸಿ ಕುಂತು, ನನ್ನ ಹೇಣ್ತಿನ್ನ ಕರದು ಕೇಳಿದ್ನಂತ: "ಯವ್ವಾ, ನಿನ್ನ ಗಾದಿ ಮಾಡಬೇಕಾಗೇತಿ. ನೀ ಹೆಂಗ ಮಕ್ಕೋತಿ? ಯಾವ ಮಗ್ಗಲಾ? ದಿಂಬು ಎತ್ತರ ಬೇಕೋ ತಗ್ಗು ಬೇಕೋ?" ನಾಕ ಸಲ ಕೇಳಿದ ಮ್ಯಾಲ ಆಕಿ ಎಡಮಗ್ಗಲಾ, ತಗ್ಗು ದಿಂಬು ಅಂದ್ಲಂತ. ಎಂಟು ತಿಂಗಳು ಒಂದ ಖೋಲ್ಯಾಗಿದ್ದು ನನಗ ಇದು ಗೊತ್ತಿರಲಿಲ್ಲ. "ಬರ್ತಾಳ" ಅಂತ ಕಾಕಾ ಬಂದು ಹೇಳಿದ. "ಮನಿಗೆ ಹೋಗೂಕಿಂತ ಮೊದಲು ಇಲ್ಲಿ ಕರಕೊಂಡು ಬಾ. ಆಕಿ ಆರಸ್ತಾಳ. ನೀ ಬಾಯಿ ಮುಚ್ಚಿಕೊಂಡು ನಿಂತಿರು. ಅಷ್ಟ ನಿನ್ನ ಕೆಲಸಾ."

ಅಷ್ಟ ನನ್ನ ಕೆಲಸ ಆಗಿತ್ತು.

ಬಸ್ಸಿಳಿದ್ಲು, ಶೆಡ್ಡಿಗೆ ಬಂದ್ವಿ. ಕಾಕಾ ನೆಲಾ ಕಸಗೂಡಿಸಿ ಹೊಸ ಚಾಪಿ ಹಾಸಿದ್ದ. ಹತ್ತಿ ಒಂದು ಮುಷ್ಟಿ ಆಕಿ ಕೈಯಾಗ ಕೊಟ್ಟ. ಆಕಿ ಬೆರಳಿಲೆ ಬಿಡಿಸಿ ನೋಡಿ, "ಇದರಾಗ ಕಾಳಿನ ಚೂರು ಅದಾವ್ರಿ, ಆ ಚೀಲದ್ದು ತೋರಸ್ರಿ" ಅಂದ್ಲು. "ಹೊಲದ ಮನಿ ಮಗಳು!" ಅಂತ ಕಾಕಾ ಖುಷಿಲೆ ಕೆಮ್ಮಿದ. ಮ್ಯಾಲಿನ ಅರಿವಿ ಆರು ನಮೂನಿ ತಗದ. ಕೆಂಪಂದು ಬ್ಯಾಡ ಅಂದ್ಲು, ಹೂವಿಂದು ಬ್ಯಾಡ ಅಂದ್ಲು. ನೀಲಿ ಪಟ್ಟಿದ್ದು ಹಿಡದು ಬಿಸಲಿಗೆ ನೋಡಿ, ಗಲ್ಲಕ್ಕ ಹಚ್ಚಿ ನೋಡಿದ್ಲು. ಆಕಿ ಗಲ್ಲದಾಗ ಕುಣಿ ಬೀಳತೈತಿ ಅನ್ನೂದು ನಾ ಅವತ್ತ ಕಂಡೆ.

ಕಾಕಾ ಅರಿವಿ ನೆಲದ ಮ್ಯಾಲ ಪೂರಾ ಅಗಲಕ್ಕ ಹಾಸಿದ. ಈ ಸಲ ಒದರಲಿಲ್ಲ. ಭಾಳ ಸಣ್ಣ ದನಿಲೆ ಕೇಳಿದ, "ಎಷ್ಟು ಅಗಲ ಇರ್ಲಿ ಯವ್ವಾ?"

ಆಕಿ ಅಂಚಿಗೆ ಮೊಣಕಾಲೂರಿ ಕುಂತು ಅರಿವಿ ಮ್ಯಾಲ ಕೈಯಾಡಿಸಿದ್ಲು. ಒಮ್ಮೆ ನನ್ನ ಕಡೆ ನೋಡಿದ್ಲು. ಕೈ ಉದ್ದಕ ಚಾಚಿ ಆ ಕಡೆ ಅಂಚಿನ ಮ್ಯಾಲ ಇಟ್ಟು, "ಇಷ್ಟೂ ಇರ್ಲಿ..." ಅಂದ್ಲು.

ಅಷ್ಟರಾಗ ಬಾಗಲದಾಗ ಹೆಡ್ ಕಾರಕೂನರು. ಅವರ ಹಿಂದ ಕಚೇರಿ ಇನ್ನಿಬ್ಬರು. "ಏನೋ, ಇಷ್ಟಗಲ ಗಾದಿ ಯಾರಿಗೋ?" ಅಂದ್ರು.

ಸುಮ್ಮನಿದ್ರ ಸಾಕಿತ್ತು. ನಮಗ್ರಿ ಅಂದಿದ್ರ ನಾ ಗಂಡಸು ಅನ್ನಸಿಕೋತಿದ್ದೆ. ಮೂರು ಮಂದಿ ನಗಾಕ ತಯಾರಾಗಿ ನಿಂತಿದ್ರು, ನನ್ನ ಕೈಲೆ ತಡಕೊಳ್ಳಾಕ ಆಗಲಿಲ್ಲ.

"ಹಿರೇಕೆರೂರಿಂದ ಆನಿ ತರಸೇನ್ರಿ ಸಾಹೇಬ್ರ, ಅದಕ್ಕ!"

ಏನು ನಗಿ ಅಂತೀರಿ. ತಗಡು ಅಲಗ್ಯಾಡಿದ್ವು. ನಾನೂ ನಕ್ಕೆ. ಅವರು ಹೋದ ಮ್ಯಾಲ ನೋಡ್ತೇನಿ, ಆಕಿ ಎದ್ದು ನಿಂತಾಳ. ಸೀರಿಗೆ ಹತ್ತಿದ ಹತ್ತಿ ಒಂದೊಂದಾಗಿ ತಗದು ಕೆಳಗ ಹಾಕಾಕತ್ತಾಳ.

"ಎರಡು ಮಾಡ್ರಿ ಕಾಕಾರ. ಸಣ್ಣವು."

"ಯವ್ವಾ, ಅವನ ಮಾತು ಬಿಡು. ನಿನ್ನ ಮನಸ್ಸು ಹೇಳು."

"ಹೇಳಿದ್ನೆಲ್ರಿ. ಎರಡು."

ಕಾಕಾ ನನ್ನ ಕಡೆ ತಿರಗಿದ. ಬೈತಾನ ಅಂತ ನಾ ತಲಿ ಬಗ್ಗಿಸಿದೆ. ಬೈಲಿಲ್ಲ. ಕತ್ತರಿ ತಗೊಂಡು ಆ ನೀಲಿ ಪಟ್ಟಿ ಅರಿವಿ ನಡುಕ ಕತ್ತರಸಾಕ ಹತ್ತಿದ. ಒಂದ ಎಳತಕ್ಕ ಸರ್ ಅಂತ ಸೀಳೂ ಮನಷ್ಯಾ, ಅವತ್ತ ಬೆರಳಷ್ಟು ಕತ್ತರಿಸಿ ನಿಂದರ್ತಿದ್ದ, ಮತ್ತ ಬೆರಳಷ್ಟು ಕತ್ತರಿಸಿ ನಿಂದರ್ತಿದ್ದ. ಯಾರರ ಒಬ್ಬರು ಬ್ಯಾಡ ಅನ್ನಲಿ ಅಂತ ಕಾಯಾಕತ್ತಿದ್ದ. ನಾ ಅನ್ನಬಹುದಿತ್ತು. ಕೊನಿಗೆ ಅರಿವಿ ಎರಡಾಗಿ ಬಿತ್ತು.

ಆಕಿ ನಮ್ಮನಿಗೆ ಬಂದ್ಲು, ಬಾಳೇವು ಮಾಡಿದ್ಲು. ಅಡಗಿ, ನೀರು, ಅವ್ವನ ಕಾಲು ಒತ್ತೂದು, ಅಪ್ಪನ ಸೊಂಟಕ್ಕ ಎಣ್ಣಿ ಕಾಸೂದು, ಯಾವುದಕ್ಕೂ ಕಡಿಮಿ ಮಾಡಲಿಲ್ಲ. ಖೋಲ್ಯಾಗ ಎರಡು ಗಾದಿ. ನಡುಕ ಒಂದು ಮೊಳದಷ್ಟು ನೆಲ. ದಿನಾ ಆಕಿ ಅದನ್ನ ಕಸಗೂಡಸ್ತಾಳ.

ಕಾಕಾ ದಾರ್ಯಾಗ ಸಿಕ್ಕಾಗೊಮ್ಮೆ ಕೇಳಾಂವ, "ಕೂಡಿಸಿ ಹೊಲೀಲೇನೋ? ಅರ್ಧ ದಿನದ ಕೆಲಸಾ." ನಾ ಏನರ ಒಂದು ಚ್ಯಾಷ್ಟಿ ಹೇಳಿ ಜಾರಕೋತಿದ್ದೆ. ಎರಡು ವರ್ಷ ಕೇಳಿದ. ಆಮ್ಯಾಲ ಕೇಳೂದು ಬಿಟ್ಟ, ನನ್ನ ನೋಡಿ ಬರೇ ತಲಿ ಅಲಗಸ್ತಿದ್ದ. ಅಂವ ಬಿಟ್ಟಿದ್ದು ಒಳ್ಳೇದಾತು ಅಂತ ನನಗ ಆಗ ಅನ್ನಿಸಿತ್ತು. ನೋಡ್ರಿ ನನ್ನ ಶ್ಯಾಣ್ಯಾತನ.

ಕಡೀ ವರ್ಷ ಕೆಮ್ಮು ಅವಗ ಅಂಗಾತ ಮಕ್ಕೊಳ್ಳಾಕ ಬಿಡಲಿಲ್ಲ. ಹತ್ತಿ ಚೀಲಕ್ಕ ಆನಿಕೊಂಡು ಕುಂತಲ್ಲೇ ಕಣ್ಣು ಮುಚ್ಚತಿದ್ದ. ಒಂದಿನಾ ಹಂಗ ಕುಂತಾಂವ ಏಳಲಿಲ್ಲ. ಮಣ್ಣಿಗೆ ಹೋಗಿದ್ದೆ. ಹೆಗಲಾ ಕೊಟ್ಟೆ. ಭಾಳ ಹಗರ ಇದ್ದ. ಯಾರೂ ಅವನ ಮುಖಾ ಸರಿ ತೊಳದಿರ್ಲಿಲ್ಲೋ ಏನೋ, ಹುಬ್ಬಿನ ಮ್ಯಾಲ ಇನ್ನೂ ಬೆಳ್ಳಗಿತ್ತು.

ಮನಿಗೆ ಬಂದಾಗ ನನ್ನ ಹೇಣ್ತಿ ಪಡಸಾಲ್ಯಾಗ ಮೊರದಾಗ ಅಕ್ಕಿ ಆರಸಾಕತ್ತಿದ್ಲು. "ಗಾದಿ ಕಾಕಾ ಹೋದ" ಅಂದೆ. ಆಕಿ ಕೈ ನಿಂತ್ವು. ಸೆರಗು ಬಾಯಿಗೆ ಹಚ್ಚಿಕೊಂಡು ಅತ್ಲು. ನಮ್ಮ ಮನ್ಯಾಗ ಆಕಿ ಅತ್ತಿದ್ದು ನಾ ಒಮ್ಮೆಯೂ ನೋಡಿರ್ಲಿಲ್ಲ.

"ಈ ಮನಿಗೆ ಬಂದು ಆರು ವರ್ಷ ಆತ್ರಿ" ಅಂದ್ಲು. "ನಿನಗ ಹೆಂಗ ಬೇಕವ್ವಾ ಅಂತ ನನ್ನ ಕೇಳಿದಾಂವ ಅಂವ ಒಬ್ಬನ."

ನಾ ಆಕಿ ಎದರಿಗೆ ನೆಲದ ಮ್ಯಾಲ ಕುಂತೆ. ಬಾಯಾಗ ಬಂದ ಎರಡು ಮೂರು ಮಾತು ನುಂಗಿದೆ.

"ಈಗ ನಾ ಕೇಳ್ತೇನಿ" ಅಂದೆ. "ಹೆಂಗ ಬೇಕು ನಿನಗ?"

ಆಕಿ ನನ್ನ ಮುಖಾನ ಭಾಳ ಹೊತ್ತು ನೋಡಿದ್ಲು. ಈ ಸಲ ನಾ ನಗಾಕತ್ತಿಲ್ಲ ಅನ್ನೂದು ಆಕಿಗೆ ತಿಳೀತು, ಅದು ನನಗ ಗೊತ್ತಾತು.

"ಈಗ ರೂಢಿ ಆಗೇತ್ರಿ, ಬಿಡ್ರಿ" ಅಂದು ಮೊರ ಎತಗೊಂಡು ಒಳಗ ಹೋದ್ಲು.