ಬಿಟ್ಟೀನಿ ಎಂಬ ಒಂದು ಮಾತು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಚನ್ನಗಿರಿಯಲ್ಲಿ ನಾವು ಏಳು ಜನ ಸೇರಿ ಮಕ್ಕಳ ಮತ್ತು ಕುಟುಂಬಗಳ ಪರವಾಗಿ ಒಂದು ಸಮಿತಿ ನಡೆಸುತ್ತಿದ್ದೆವು. ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಯಲ್ಲಿ ಹೋಗಿ ಮಾತಾಡುವುದು, ಹೆಚ್ಚಿನ ಪಾಲು ಇದೇ ಕೆಲಸ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಅಕ್ಷರ ದುಂಡಗಿದೆ ಎಂದು ನಡಾವಳಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟಿದ್ದರು. ಯಾರು ಹೇಗೆ ಮಾತಾಡಿದರೂ ನಾನು ತಿದ್ದಿ, ಗ್ರಂಥದ ಭಾಷೆಗೆ ತಂದು ಬರೆಯುತ್ತಿದ್ದೆ. ಹಾಗೆ ಬರೆಯುವುದೇ ಅವರಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ.

ಒಂದು ಶನಿವಾರ ಜಗಳೂರು ಕಡೆಯ ಕುರಿಗಾಹಿ ಹೆಂಗಸೊಬ್ಬಳು ನಮ್ಮ ಮುಂದೆ ನಿಂತಳು. ಅವಳ ಆರು ವರ್ಷದ ಮಗಳು ಮೂರು ತಿಂಗಳಿಂದ ಸೂಳೆಕೆರೆ ಪಕ್ಕದ ಊರಿನಲ್ಲಿ, ಮೀನು ಮಾರುವ ಒಬ್ಬ ಮುದುಕಿಯ ಮನೆಯಲ್ಲಿದ್ದಳು. ಅನಾಥ ಮಗು ಎಂದು ಊರಿನವರು ಯಾರೋ ನಮಗೆ ತಿಳಿಸಿದ್ದರು. ವಿಚಾರಿಸಿದಾಗ ತಾಯಿ ಇರುವುದು ತಿಳಿಯಿತು; ಅವಳ ಹಿಂಡು ಆಗ ನ್ಯಾಮತಿ ಹತ್ತಿರದ ಹೊಲಗಳಲ್ಲಿತ್ತು. ಹೇಳಿಕಳಿಸಿ ಕರೆಸಿದ್ದೆವು.

"ಮಗೂನ ಅಲ್ಲಿ ಬಿಟ್ಟೋರು ಯಾರು?" ಎಂದು ಅಧ್ಯಕ್ಷರು ಕೇಳಿದರು. ಅವರು ನಲ್ಲೂರಿನ ಅಡಿಕೆ ವ್ಯಾಪಾರಿ. ಒಳ್ಳೆಯವರು, ಆದರೆ ಬಸ್ಸಿಗೆ ಹೊತ್ತಾಗಿತ್ತು.

"ನಾನೇ ಬಿಟ್ಟೀನ್ರೀ," ಎಂದಳು.

ಮತ್ತೇನನ್ನೂ ನಾವು ಕೇಳಲಿಲ್ಲ. 'ತಾನೇ ಮಗುವನ್ನು ತ್ಯಜಿಸಿರುವುದಾಗಿ ತಾಯಿಯು ಒಪ್ಪಿರುತ್ತಾಳೆ' ಎಂದು ಬರೆದೆ. ಗಟ್ಟಿಯಾಗಿ ಓದಿದೆ ಕೂಡ. ಅವಳು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಮಗುವನ್ನು ಸೋಮವಾರ ಬಾಲಮಂದಿರಕ್ಕೆ ಸೇರಿಸಬೇಕೆಂದು ತೀರ್ಮಾನವಾದದ್ದು ಅವಳು ಹೊರಟುಹೋದ ಮೇಲೆ.

ಭಾನುವಾರ ಬೆಳಿಗ್ಗೆ ಆ ಮುದುಕಿಗೆ ತಿಳಿಸಲು ನಾನೇ ಹೋದೆ. ಅವಳು ಅಂಗಳದಲ್ಲಿ ಬಲೆ ಹರವುತ್ತಿದ್ದಳು. ಹುಡುಗಿ ಕರಿ ಕಂಬಳಿಯ ಮೇಲೆ ಕೂತು ಬಲೆಯ ತುದಿ ಹಿಡಿದಿದ್ದಳು. ಅವಳ ಎಡಗಾಲಿನ ಹಿಮ್ಮಡಿಯಲ್ಲಿ ಮಾಗುತ್ತಿದ್ದ ದೊಡ್ಡ ಗಾಯವಿತ್ತು. ನಾನು ನಡಾವಳಿ ಓದಿದೆ.

"ತ್ಯಜಿಸಿ ಅಂದ್ರೆ ಏನ್ರೀ ಮೇಷ್ಟ್ರೇ?"

"ಬಿಟ್ಟುಬಿಟ್ಟಿದಾಳೆ ಅಂತ."

ಮುದುಕಿ ಬಲೆಯನ್ನು ಕೆಳಗಿಟ್ಟಳು. "ನಿಮ್ ಸೈಕಲ್ ಎಲ್ಲೈತೆ?"

"ಕೆರೆ ಏರಿ ಕೆಳಗೆ ಬಿಟ್ಟು ಬಂದೆ."

"ಬಿಟ್ಟುಬಿಟ್ರಾ? ಹಂಗಾದ್ರೆ ನಮ್ಮೋರು ಯಾರಾದ್ರೂ ಇಟ್ಕೊಳ್ಳಲಿ ಬಿಡ್ರಿ. ನೀವು ನಡಕೊಂಡು ಹೋಗ್ರಿ."

ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ.

"ಕಾಲಿಗೆ ಮುಳ್ಳು ಮುರಿದು ಕೀವಾಗಿತ್ತು, ಹಿಂಡಿನ ಹಿಂದೆ ನಡೆಯಾಕೆ ಆಗ್ತಿರಲಿಲ್ಲ," ಎಂದಳು ಮುದುಕಿ. "ವಾಸಿ ಆಗೋಗಂಟ ಇರಲಿ ಅಂತ ಬಿಟ್ಟಾಳೆ. ತನ್ನ ಹೊದಿಯೋ ಕಂಬಳೀನೂ ಕೊಟ್ಟು ಹೋಗ್ಯಾಳೆ. ಅವಳು ಏನು ಹೊದೀತಾಳೆ ಅಂತ ಕೇಳಿದ್ರೇನು ನೀವು?"

ಕೇಳಿರಲಿಲ್ಲ. ಇಪ್ಪತ್ತು ವರ್ಷದಿಂದ ಕನ್ನಡ ಕಲಿಸುತ್ತಿದ್ದವನು ನಾನು. ಬಿಡುವುದಕ್ಕೂ ಬಿಟ್ಟುಬಿಡುವುದಕ್ಕೂ ಇರುವ ಅಂತರ ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಏರಿಯ ಕೆಳಗೆ ಸೈಕಲ್ಲಿನ ಬೀಗ ತೆಗೆದು ಹತ್ತಿದೆ.

ನಲ್ಲೂರಿಗೆ ಹೋಗಿ ಅಧ್ಯಕ್ಷರಿಗೆ ಹೇಳಿದೆ. "ಓದಿದ ಮೇಲೇನೇ ಅಲ್ವೇನ್ರೀ ಹೆಬ್ಬೆಟ್ಟು ಒತ್ತಿದ್ದು?" ಎಂದರು.

"ನಾನು ಓದಿದ ಮಾತು ಅವಳದಲ್ಲ."

"ಹಂಗಾದ್ರೆ ನೀವೇ ಹೋಗಿ ಆ ತಾಯೀನ ಕರಕೊಂಡು ಬರ್ರಿ. ಅಲ್ಲೀಗಂಟ ಬಾಲಮಂದಿರದ ಕಾಗದ ನನ್ನ ಹತ್ರಾನೇ ಇರ್ತೈತೆ," ಎಂದರು.

ಮರುದಿನ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿಗೆ ಹೋದೆ. ಅವಳು ಎರಡು ಗೋಣಿಚೀಲ ಸೇರಿಸಿ ಹೊಲಿದದ್ದನ್ನು ಹೆಗಲ ಮೇಲೆ ಹಾಕಿಕೊಂಡು ಕುರಿ ಎಣಿಸುತ್ತಿದ್ದಳು. ಎಣಿಕೆ ಮುಗಿಯುವವರೆಗೆ ನಿಂತು, ಸಮಿತಿಯ ಮುಂದೆ ಇನ್ನೊಂದು ಸಲ ಬರಬೇಕು ಎಂದಷ್ಟೇ ಹೇಳಿದೆ.

ಸಮಿತಿ ಮತ್ತೆ ಸೇರಿದ ದಿನ ಮುದುಕಿಯೇ ಹುಡುಗಿಯನ್ನು ಕರೆತಂದಳು. ಹಳೆಯ ಸಾಲಿನ ಮೇಲೆ ಗೆರೆ ಎಳೆದು, ತಾಯಿ ಹೇಳಿದಂತೆಯೇ ಬರೆದು ಓದಿದೆ: 'ಮಗಳ ಕಾಲು ನೆಟ್ಟಗಾಗಲಿ ಅಂತ ಮೀನಿನಜ್ಜಿ ಮನೆಯಾಗೆ ನಾನೇ ಬಿಟ್ಟೀನಿ. ಈಗ ಕರಕೊಂಡು ಹೋಗಾಕೆ ಬಂದೀನಿ.'

ಮಸಿ ಹತ್ತಿದ ಹೆಬ್ಬೆಟ್ಟನ್ನು ಅವಳು ಕಾಗದದ ಮೇಲೆ ಇಳಿಸಲಿಲ್ಲ. "ಹೋದ ಸಲಾನೂ ಹಿಂಗೇ ಬರಕೊಂಡಿದ್ರಲ್ರೀ?"

ಉತ್ತರ ಕೊಡಬೇಕಾದವನು ನಾನೇ.

"ಇಲ್ಲಮ್ಮ. ಬೇರೆ ಬರೆದಿದ್ದೆ. ತಪ್ಪಾಗಿ ಬರೆದಿದ್ದೆ."

ಅವಳು ನನ್ನನ್ನು ನೋಡಿದಳು. ಆಮೇಲೆ ಬಾಗಿಲ ಬಳಿ ಕಂಬಳಿಯನ್ನು ಅಪ್ಪಿಕೊಂಡು ನಿಂತಿದ್ದ ಮಗಳನ್ನು ನೋಡಿದಳು.

"ಇನ್ನೊಂದು ಸಲ ಓದ್ರಿ," ಎಂದಳು. "ನಿಧಾನಕ್ಕೆ."

ಓದಿದೆ. ಒಂದೊಂದು ಮಾತಿಗೂ ಅವಳು ಹೂಂ ಎಂದಳು. ಕೊನೆಯ ಹೂಂ ಆದ ಮೇಲೆ ಹೆಬ್ಬೆಟ್ಟು ಒತ್ತಿ, ಆ ಬೆರಳನ್ನು ಹೆಗಲ ಮೇಲಿನ ಗೋಣಿಗೆ ಒರೆಸಿಕೊಂಡು, ಮಗಳ ಕೈ ಹಿಡಿದಳು.